ಕೆಂಪಿ ಓಡಿದ ಒಂದು ತಾಸು

ಸಿಂಧನೂರು
೧೮ ಜನವರಿ ೧೯೬೮, ಗುರುವಾರ

ಪ್ರೀತಿಯ ಅಮರಮ್ಮನ ಅಪ್ಪನವರಿಗೆ ಆದಮ್ಮನ ನಮಸ್ಕಾರಗಳು.

ನೀವು ಹೇಗಿದ್ದೀರಿ? ದಿನವಿಡೀ ಕ್ರೇನಿನ ಮೇಲೆ ಕೂತು ಹಿಡಿದುಕೊಂಡಿದ್ದ ನಡುನೋವು ಕಡಿಮೆಯಾಯಿತೇ? ನಾಗಾರ್ಜುನಸಾಗರದ ಅಣೆಕಟ್ಟಿನಲ್ಲಿ ನೀರಿನ ಮೇಲಿಂದ ಬರುವ ಗಾಳಿಗೆ ಹಲ್ಲು ಕಟಕಟ ಎನ್ನುತ್ತವೆ ಎಂದು ಬರೆದಿದ್ದಿರಿ. ನಾನು ಕಳಿಸಿದ ಕಂಬಳಿ ನೀವೇ ಹೊದೆಯುತ್ತೀರೋ, ಜೊತೆಗಾರರಿಗೆ ಕೊಟ್ಟು ಕೂತಿದ್ದೀರೋ? ಕೊಟ್ಟಿದ್ದರೆ ಹೇಳಿಬಿಡಿ, ಬೈಯುವುದಿಲ್ಲ, ಮನಸ್ಸಿನಲ್ಲೇ ಬೈದುಕೊಳ್ಳುತ್ತೇನೆ. ಇಲ್ಲಿ ಎಲ್ಲರೂ ಕ್ಷೇಮ. ಅತ್ತೆಯವರ ಮೊಣಕಾಲು ಚಳಿಗೆ ಸ್ವಲ್ಪ ಹಿಡಿದುಕೊಂಡಿದೆ, ಎಳ್ಳೆಣ್ಣೆ ಹಚ್ಚಿ ತಿಕ್ಕುತ್ತಿದ್ದೇನೆ. ನಮ್ಮ ಅಮರಮ್ಮ ಮಗ್ಗಿಯನ್ನು ಹನ್ನೆರಡರ ತನಕ ಒಪ್ಪಿಸುತ್ತಾಳೆ, ಏಳರ ಮಗ್ಗಿಯಲ್ಲಿ ಮಾತ್ರ ದಿನಕ್ಕೊಂದು ಉತ್ತರ ಹೇಳುತ್ತಾಳೆ. ಮಾವನವರು ಗಟ್ಟಿಮುಟ್ಟಾಗಿದ್ದಾರೆ ಎಂದು ಬರೆಯಲು ಮಾವನವರೇ ಹೇಳಿದ್ದಾರೆ. ಬರೆದು ಮುಗಿಸಿದ ಮೇಲೆ ಇಡೀ ಪತ್ರವನ್ನು ಅವರಿಗೆ ಓದಿ ಹೇಳಬೇಕಂತೆ. ಪಕ್ಕದಲ್ಲೇ ಗೋಡೆಗೆ ಒರಗಿ ಕೂತಿದ್ದಾರೆ.

ಇನ್ನು ಸುದ್ದಿ. ನಮ್ಮ ಕೆಂಪಿ ಕಾರನ್ನು ನಾವು ಮಾರುವುದಿಲ್ಲ. ನೀವು ಸೋತಿರಿ. ಇದನ್ನು ಪತ್ರದ ಕೊನೆಯಲ್ಲಿ ಬರೆಯಬೇಕೆಂದಿದ್ದೆ, ಆದರೆ ಮೂರು ದಿನದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡು ಸಾಕಾಗಿದೆ.

ದಸರೆಗೆ ನೀವು ಬರೆದ ಪತ್ರ ನನ್ನ ಪೆಟ್ಟಿಗೆಯಲ್ಲೇ ಇದೆ. "ಆ ತಗಡಿನ ಡಬ್ಬಿ ಇನ್ನ ಎಷ್ಟು ದಿನ ಇಟಗೊಂಡು ಕುಂದರ್ತೀರಿ? ವಳಕಮದಿನ್ನಿ ಮೈಲಾರಲಿಂಗಪ್ಪ ಕೇಳಾಕತ್ತಾನ, ಕೊಟ್ಟುಬಿಡ್ರಿ" ಎಂದು ಬರೆದಿದ್ದಿರಿ. ಅಪ್ಪನಿಗೆ ವಯಸ್ಸಾಯಿತು, ಆ ಗಾಡಿ ಇರುವ ತನಕ ಅವರು ಮನೆಯಲ್ಲಿ ಕೂರುವುದಿಲ್ಲ ಎಂಬ ಚಿಂತೆ ನಿಮ್ಮದು. ಅದು ನನಗೆ ಅರ್ಥವಾಗುತ್ತದೆ. ಆದರೆ ಮೈಲಾರಲಿಂಗಪ್ಪ ಗಾಡಿ ನೋಡಲು ಬಂದ ದಿನ ನೀವು ಇಲ್ಲಿ ಇರಬೇಕಿತ್ತು. ಎತ್ತು ಕೊಳ್ಳುವವನ ಹಾಗೆ ಸುತ್ತ ತಿರುಗಿ ನೋಡಿದ, ಬಾನೆಟ್ ಎತ್ತಿಸಿದ, ಹಗ್ಗ ತೆಗೆದು ಎಂಜಿನ್ನಿನ ಉದ್ದಗಲ ಅಳೆದ. ಅವನಿಗೆ ಗಾಡಿ ಬೇಕಿರಲಿಲ್ಲ. ಕಾಲುವೆ ನೀರು ಏರದ ಎರಡೆಕರೆ ದಿಬ್ಬ ಇದೆಯಂತೆ, ಎಂಜಿನ್ ಕಿತ್ತು ಕಾಲುವೆ ದಂಡೆಗೆ ಕೂರಿಸಿ ನೀರೆತ್ತುತ್ತಾನಂತೆ. "ಉಳಿದ ಮೈ ನೀವ ಇಟಗೋರಿ, ಕೋಳಿ ಮುಚ್ಚಾಕ ಬರ್ತೈತಿ" ಎಂದ. ಪಾಪ, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಮಾವನವರು ಬಾನೆಟ್ ಮುಚ್ಚಿ ಒಳಗೆ ಹೋದರು. ಎರಡು ದಿನ ರೊಟ್ಟಿ ಸರಿಯಾಗಿ ತಿನ್ನಲಿಲ್ಲ.

ನಿಮಗೆ ಗೊತ್ತೇ ಇದೆ, ಜಾಗೀರದಾರರು ವಿಲಾಯತಿಯಿಂದ ತರಿಸಿದ ಗಾಡಿ ಅದು. ಎರಡೇ ಬಾಗಿಲು, ನೆಲಕ್ಕೆ ಹತ್ತಿದ ಮೈ, ಹೈದರಾಬಾದಿನ ಬೀದಿಗಳಲ್ಲಿ ಅದನ್ನು ಹಿಂದೆ ಹಾಕಿದವರಿಲ್ಲ. ಓಡಿಸಿದವರು ನಿಮ್ಮ ಅಪ್ಪ. ಜಾಗೀರು ಹೋದ ವರ್ಷ, "ದುರುಗಪ್ಪ, ಇದು ನಿನ್ನ ಮಾತ ಕೇಳ್ತೈತಿ, ನಿನ್ನ ಕಡೆ ಇರಲಿ" ಎಂದು ಕೀಲಿ ಕೈಗಿಟ್ಟು ಹೋದರಂತೆ. ಅಂಥ ಎಂಜಿನ್ನು ಒಂದೇ ಜಾಗದಲ್ಲಿ ನಿಂತು ನೀರೆತ್ತುತ್ತಾ ಸವೆಯುವುದನ್ನು ನನಗೂ ಸಹಿಸಲಾಗಲಿಲ್ಲ. ಆಮೇಲೆ ನೀವೇ ಒಂದು ಷರತ್ತು ಬರೆದಿರಿ. ಲಿಂಗಸೂಗೂರಿನಿಂದ ಸಿಂಧನೂರಿಗೆ ಒಂದು ತಾಸಿನೊಳಗೆ, ದಾರಿಯಲ್ಲಿ ನೀರು ಹಾಕಲು ಎಲ್ಲೂ ನಿಲ್ಲಿಸದೆ ಬಂದರೆ ಇಟ್ಟುಕೊಳ್ಳಿ, ಇಲ್ಲವಾದರೆ ಸಂಕ್ರಾಂತಿ ಕಳೆದ ಮೇಲೆ ಮೈಲಾರಲಿಂಗಪ್ಪನಿಗೆ ಕೊಟ್ಟುಬಿಡಿ. ಆಗದ ಮಾತು ಎಂದು ತಿಳಿದೇ ಬರೆದಿರಿ, ಅಲ್ಲವೇ? ಆಗ ಕೆಂಪಿಗೆ ಆ ದಾರಿ ಎರಡು ತಾಸು, ಮೂರು ಕೊಡ ನೀರು.

ಮಾವನವರು ಲಿಂಗಸೂಗೂರಿನ ಲಾಲ್‌ಸಾಬ್ ಮೇಸ್ತ್ರಿಗೆ ಹೇಳಿಕಳಿಸಿದರು. ಅವರು ಪ್ರತಿ ಶುಕ್ರವಾರ ಅಂಗಡಿ ಮುಚ್ಚಿ, ನಮಾಜು ಮುಗಿಸಿ, ಬಸ್ಸು ಹತ್ತಿ ಬರತೊಡಗಿದರು. ಮೊದಲ ದಿನವೇ ಇಬ್ಬರಿಗೂ ಜಗಳ. ಮಾವನವರಿಗೆ ಪೆಟ್ರೋಲು, ಗಾಳಿ ಬೆರೆಸುವ ಕಾರ್ಬ್ಯುರೇಟರ್ ಎರಡು ಬೇಕು, ಹಳೆಯ ಕಾಲದ ರೇಸಿನ ಗಾಡಿಗಳಿಗೆ ಇರುತ್ತಿದ್ದವಂತೆ. ಲಾಲ್‌ಸಾಬರು ಬೀಡಿ ಆರಿಸಿ, "ಅಣ್ಣಾ, ನಾವು ಹೋಗೋದು ಸಿಂಧನೂರಿಗೆ, ಚಂದ್ರಲೋಕಕ್ಕಲ್ಲ. ಎಂಜಿನ್ನಿಗೆ ತಾಕತ್ತು ಬಾಳ ಬಂದ್ರ ಗೇರ್‌ಬಾಕ್ಸ್ ಒಡದು ಕೈಗೆ ಬರ್ತೈತಿ. ಸ್ವಲ್ಪ ಮಾಡೂನು, ಬರೋಬ್ಬರಿ ಮಾಡೂನು" ಎಂದರು. ಹಾಗೇ ಮಾಡಿದರು. ಎಂಜಿನ್ನಿನ ಮೇಲಿನ ಹೆಡ್ಡು ಬಿಚ್ಚಿ, ಕಾಲುವೆ ಕ್ಯಾಂಪಿನ ವರ್ಕ್‌ಶಾಪಿನಲ್ಲಿ ಅದರ ತಳವನ್ನು ನಾಲ್ಕು ಪೋಸ್ಟ್ ಕಾರ್ಡಿನ ದಪ್ಪದಷ್ಟು ಹೆರೆಸಿದರು. ಹಾಗೆ ಮಾಡಿದರೆ ಒಳಗಿನ ಗಾಳಿ, ಪೆಟ್ರೋಲು ಇನ್ನಷ್ಟು ಒತ್ತಿ ಹಿಡಿದು ಜೋರಾಗಿ ಉರಿಯುತ್ತವಂತೆ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಚಿಮ್ಮುವ ಜೆಟ್ಟು ಒಂದೇ ಒಂದು ನಂಬರು ದೊಡ್ಡದು ಹಾಕಿದರು. ಹೊಗೆ ಕೊಳವೆ ಎರಡು ಕಡೆ ಡೊಂಕಾಗಿ ಚಪ್ಪಟೆಯಾಗಿತ್ತು, ಅದನ್ನು ತೆಗೆದು ಸ್ವಲ್ಪ ಅಗಲದ ಹೊಸ ಕೊಳವೆ ಹಾಕಿದರು. ಇಷ್ಟೇ. ರೇಡಿಯೇಟರ್ ಮಾತ್ರ ನನ್ನ ಪಾಲಿಗೆ ಬಂತು. ನಮ್ಮ ಬಾವಿಯ ಸವಳು ನೀರು ಹೊಯ್ದು ಹೊಯ್ದು ಒಳಗೆಲ್ಲ ಬಿಳಿ ಗಾರೆ ಕಟ್ಟಿತ್ತು. ನೀರು ಕಾಯಿಸುವ ಹಂಡೆಗೆ ನಾವು ಮಾಡುವುದನ್ನೇ ಮಾಡಿದೆ, ಹುಣಸೆಹುಳಿ ಕಿವುಚಿ ಬಿಸಿ ಮಾಡಿ ತುಂಬಿಸಿ ಇಟ್ಟೆ. ನಾಲ್ಕು ಸಲ ಹಾಗೆ ಮಾಡಿದ ಮೇಲೆ ಹೊರಬಿದ್ದ ಕೆಸರು ನೋಡಿ ಅತ್ತೆಯವರು, "ಮನಿಗೆ ವರ್ಷದ ಹುಣಸಿಹಣ್ಣು ಗಾಡಿ ತಿಂತು" ಎಂದು ಗೊಣಗಿದರು.

ಇನ್ನೊಂದು ಕೆಲಸವೂ ನನ್ನದೇ. ಇದನ್ನು ಬರೆಯುವಾಗ ಸ್ವಲ್ಪ ಜಂಭ ಬಂದರೆ ಕ್ಷಮಿಸಿ. ಎಂಜಿನ್ನಿನಲ್ಲಿ ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ಎಂಟು ವಾಲ್ವುಗಳಿವೆ. ಒಂದೊಂದಕ್ಕೂ ಮಸಿಯಂಥ ಮುಲಾಮು ಹಚ್ಚಿ, ಕೋಲು ಅಂಟಿಸಿ, ಆ ಕೋಲನ್ನು ಎರಡು ಅಂಗೈ ನಡುವೆ ಅತ್ತಿತ್ತ ತಿರುಗಿಸುತ್ತಾ ಅದರ ಕುಳಿಯಲ್ಲೇ ತೀಡಬೇಕು. ನಡುನಡುವೆ ಎತ್ತಿ ಸ್ವಲ್ಪ ಸರಿಸಿ ಮತ್ತೆ ತೀಡಬೇಕು. ಸುತ್ತಲೂ ಒಂದೇ ಸಮನೆ ಬೂದು ಉಂಗುರ ಮೂಡಿದರೆ ಕೆಲಸ ಸರಿಯಾಯಿತು ಎಂದು ಲೆಕ್ಕ. ಲಾಲ್‌ಸಾಬರು ತೀಡುವುದನ್ನು ನೋಡುತ್ತಾ ನಿಂತಿದ್ದೆ. ನೋಡಿದರೆ ಅದು ಮಜ್ಜಿಗೆ ಕಡೆಯುವುದೇ! ಹನ್ನೆರಡು ವರ್ಷದಿಂದ ಬೆಳಿಗ್ಗೆ ಎದ್ದು ಮಾಡುವ ಕೆಲಸ. "ಕೊಡ್ರಿ ಇಲ್ಲಿ" ಎಂದು ಕೂತುಬಿಟ್ಟೆ. ಮೇಸ್ತ್ರಿಯ ಕೈ ಒಂದು ಕಡೆ ಒತ್ತುತ್ತಿತ್ತು, ನನ್ನ ಕೈ ಒತ್ತಲಿಲ್ಲ. ಎಂಟಕ್ಕೆ ಎಂಟೂ ನಾನೇ ತೀಡಿದೆ. ಪೆಟ್ರೋಲು ಸುರಿದು ನೋಡಿದರು, ಒಂದು ಹನಿ ಇಳಿಯಲಿಲ್ಲ. ಲಾಲ್‌ಸಾಬರು, "ಈ ಕೈ ಮನ್ಯಾಗ ಇಟಗೊಂಡು ನನ್ನ ಯಾಕ ಕರಿಸಿದ್ರಿ?" ಎಂದರು. ಅದೇ ಮಾತನ್ನು ಅತ್ತೆಯವರ ಎದುರು ಇನ್ನೊಮ್ಮೆ ಹೇಳಿಸಿದೆ.

ಇಷ್ಟೆಲ್ಲ ಆದ ಮೇಲೆ ಡಿಸೆಂಬರ್ ಕೊನೆಯ ಶುಕ್ರವಾರ ಗಾಡಿ ಚಾಲೂ ಮಾಡಿ ಗೊರೇಬಾಳದ ಕಡೆ ಹೋದರು. ಅರ್ಧ ದಾರಿಯಿಂದ ವಾಪಸು ಬಂದರು. ಎಂಜಿನ್ನಿನ ಒಳಗೆ ಯಾರೋ ಕುಟ್ಟುತ್ತಿದ್ದ ಹಾಗೆ ಕಟಕಟ ಸದ್ದು, ಏರಿನಲ್ಲಿ ಎತ್ತಿನ ಬಂಡಿಗಿಂತ ಕಡೆ. ಮಾವನವರು ಲಾಲ್‌ಸಾಬರ ಮೇಲೆ ಹರಿಹಾಯ್ದರು. ಮಾಡಬಾರದ ಕಡೆ ಹೆರೆದು ಗಾಡಿ ಹಾಳು ಮಾಡಿದಿ ಎಂದರು. ಲಾಲ್‌ಸಾಬರು ತಮ್ಮ ಪಾನಾ ಪಕ್ಕಡುಗಳನ್ನು ಚೀಲಕ್ಕೆ ಹಾಕಿಕೊಳ್ಳತೊಡಗಿದರು. ಅವರು ಹೊರಟುಹೋದರೆ ಕೆಂಪಿಯೂ ಹೊರಟಿತು ಎಂದು ನನಗೆ ಅಳುವೇ ಬಂತು. ದೀಪ ಹಚ್ಚುವ ಹೊತ್ತಾಗಿತ್ತು. ಒಳಗೆ ಹೋಗಿ ಚಿಮಣಿ ಎಣ್ಣೆಯ ಡಬ್ಬಿ ಎತ್ತಿದರೆ ಖಾಲಿ! ಸೋಮವಾರ ತುಂಬಿಸಿದ ಡಬ್ಬಿ. ಆಗ ಹೊಳೆಯಿತು. ಈ ಕಡೆಯ ಡ್ರೈವರುಗಳಿಗೆಲ್ಲ ಇರುವ ಚಾಳಿ, ನಿಮಗೂ ಇದೆ, ಖರ್ಚು ಉಳಿಸಲು ಪೆಟ್ರೋಲಿನಲ್ಲಿ ಅರ್ಧ ಚಿಮಣಿ ಎಣ್ಣೆ ಬೆರೆಸುವುದು. ಮಾವನವರ ಕೈ ಇಷ್ಟು ವರ್ಷದ ರೂಢಿಯಂತೆ ತಾನೇ ಸುರಿದುಬಿಟ್ಟಿತ್ತು. ಸಡಿಲ ಎಂಜಿನ್ನು ಅದನ್ನು ಹೇಗೋ ನುಂಗಿಕೊಳ್ಳುತ್ತಿತ್ತು, ಬಿಗಿ ಮಾಡಿದ ಎಂಜಿನ್ನು ಒಪ್ಪಲಿಲ್ಲ. ಡಬ್ಬಿ ತಂದು ಇಬ್ಬರ ನಡುವೆ ಇಟ್ಟೆ. "ಮಾವಾರ, ದೀಪಕ್ಕ ಎಣ್ಣಿ ಇಲ್ಲ. ಗಾಡ್ಯಾಗಿಂದ ಒಂದೀಟು ತಕ್ಕೊಡ್ತೀರೇನು?" ಎಂದೆ. ಲಾಲ್‌ಸಾಬರು ಚೀಲ ಕೆಳಗಿಟ್ಟು ನಗಲು ಶುರುಮಾಡಿದರು. ಮಾವನವರು ಎದ್ದು ಅವರ ಎರಡೂ ಕೈ ಹಿಡಿದುಕೊಂಡರು. ಟ್ಯಾಂಕು ಬರಿದು ಮಾಡಿ ಬರೀ ಪೆಟ್ರೋಲು ಹಾಕಿದ ಮೇಲೆ ಕೆಂಪಿಯ ಸದ್ದು ಕೇಳಬೇಕಿತ್ತು ನೀವು, ರೇಷ್ಮೆ ಸೀರೆ ಮಡಿಚಿದ ಹಾಗೆ.

ಆಮೇಲೆ ದಿನಾ ಬೆಳಿಗ್ಗೆ ಕಾಲುವೆ ಏರಿಯ ಮೇಲೆ ತಾಲೀಮು. ಸದ್ದು ಕೇಳಲು ಮಾವನವರು ಪಕ್ಕದಲ್ಲಿ ನಡೆಯುವುದು, ಪೆಡಲು ತುಳಿಯಲು ನಾನು ಒಳಗೆ ಕೂರುವುದು. ಬೆಳೆಗೆ ನೀರು ಕಟ್ಟುವವರೆಲ್ಲ ಗುದ್ದಲಿ ಊರಿ ನಿಂತು ನೋಡುತ್ತಿದ್ದರು. ನೋಡಲಿ ಬಿಡಿ.

ಸಂಕ್ರಾಂತಿ ಮುಗಿದ ಮರುದಿನ, ಸೋಮವಾರ, ಪರೀಕ್ಷೆ. ಹಿಂದಿನ ಸಂಜೆಯೇ ನಾವು ಲಿಂಗಸೂಗೂರಿಗೆ ಹೋಗಿ ಲಾಲ್‌ಸಾಬರ ಮನೆಯಲ್ಲಿ ಉಳಿದೆವು. ನೀರಿನ ಕಾವು ತೋರಿಸುವ ಮುಳ್ಳು ನೋಡಿ ಹೇಳಲು ಒಬ್ಬರು ಬೇಕು ಎಂದು ಮಾವನವರು ನನ್ನನ್ನು ಕರೆದುಕೊಂಡಿದ್ದರು. ಲಾಲ್‌ಸಾಬರ ಗಡಿಯಾರ, ಸಿಂಧನೂರಿನಲ್ಲಿ ಕಾಯುವ ಮೈಲಾರಲಿಂಗಪ್ಪನ ಗಡಿಯಾರ ಎರಡನ್ನೂ ರೇಡಿಯೋ ವೇಳೆಗೆ ಹೊಂದಿಸಿದ್ದಾಗಿತ್ತು. ಹೊರಡುವ ವೇಳೆಯನ್ನು ಲಾಲ್‌ಸಾಬರು ಚೀಟಿಯಲ್ಲಿ ಬರೆದು, ಸಹಿ ಮಾಡಿ, ಅಂಟಿಸಿ ಕೊಟ್ಟರು. ಎಂಟು ಗಂಟೆ ಹತ್ತು ನಿಮಿಷ. ಅವರ ಮನೆಯಾಕೆ ಖಾಸಿಂಬೀ ಬಾನೆಟ್ಟಿಗೆ ನಿಂಬೆಹಣ್ಣು ನಿವಾಳಿಸಿ ಒಗೆದರು. ಊರು ದಾಟಿದ್ದೇ ತಡ, ಎರಡೂ ಬದಿಯ ಜೋಳದ ಹೊಲ ಹಿಂದಕ್ಕೆ ಓಡತೊಡಗಿತು. ಬೆಳಿಗ್ಗೆಯ ಬಿಸಿಲು ನೇರ ಮುಖಕ್ಕೆ. ಮಸ್ಕಿಯ ಹತ್ತಿರ ಒಂದು ಕುರಿಹಿಂಡು ಅಡ್ಡ ಬಂದು ಬ್ರೇಕು ಹಾಕಬೇಕಾಯಿತು, ಅಷ್ಟೇ. ಆಮೇಲೆ ಹಳ್ಳ ಇಳಿದು ಏರುವಾಗಲೂ ಗೇರು ಬದಲಿಸದೆ ಹತ್ತಿತು. ಲಿಂಗಸೂಗೂರಿನ ಬಸ್ಸನ್ನು ಹಿಂದೆ ಹಾಕಿದೆವು ರೀ! ಕಂಡಕ್ಟರು ಬಾಗಿಲಲ್ಲಿ ನಿಂತು ಬಾಯಿ ಬಿಟ್ಟು ನೋಡಿದ. ಗೊರೇಬಾಳದ ಹಸಿರು ಗದ್ದೆಗಳು ಬಂದಾಗಲೂ ನೀರಿನ ಮುಳ್ಳು ನಡುವಿನಿಂದ ಕದಲಿರಲಿಲ್ಲ. ನೀರಿಗಾಗಿ ಒಮ್ಮೆಯೂ ನಿಲ್ಲಿಸಲಿಲ್ಲ.

ಬಸ್ ಸ್ಟ್ಯಾಂಡಿನ ಎದುರು ಜನ ಕೂಡಿದ್ದರು. ಮೈಲಾರಲಿಂಗಪ್ಪ ಚೀಟಿ ಒಡೆದು, ತನ್ನ ಗಡಿಯಾರ ನೋಡಿ, ಮತ್ತೆ ಚೀಟಿ ನೋಡಿ, "ಐವತ್ತಾರು ನಿಮಿಷ" ಎಂದು ಕೂಗಿದ. ಕೂಗಿದವನು ಅವನೇ, ಸೋತವನೂ ಅವನೇ, ಎಲ್ಲರಿಗಿಂತ ಜೋರಾಗಿ ಕುಣಿದವನೂ ಅವನೇ. ರೇಡಿಯೇಟರ್ ಮುಟ್ಟಿ ನೋಡಿ, "ಇಂಥಾ ಎಂಜಿನ್ ಕಿತ್ತು ದಂಡಿಗೆ ಕಟ್ಟಿದ್ರ ದೇವ್ರು ಮೆಚ್ಚತಿದ್ದಿಲ್ಲ. ನನ್ನ ಮಗಳ ಮೆರವಣಿಗಿಗೆ ಇದ ಬೇಕು" ಎಂದು ಮದುವೆ ಹಂಗಾಮಿಗೆ ಮುಂಚೆಯೇ ಮಾತು ತೆಗೆದುಕೊಂಡ. ಮಗಳ ಮದುವೆ ಯುಗಾದಿಗೆ ಮುಂಚೆ. ಮಾವನವರಿಗೆ ಹೂವಿನ ಹಾರ ಹಾಕಿದರು. ಅಷ್ಟು ಜನರ ನಡುವೆ ಅವರ ಕಣ್ಣಲ್ಲಿ ನೀರು ಇತ್ತು. ನನ್ನ ಕಣ್ಣಲ್ಲೂ ಇತ್ತು, ಮುಚ್ಚಿಡುವುದೇನು.

ಈಗ ಎಲ್ಲವನ್ನೂ ಓದಿ ಹೇಳಿದೆ. ಮಾವನವರು, "ಬರೋಬ್ಬರಿ ಐತಿ. ನನ್ನ ಆಶೀರ್ವಾದ ಬರಿ, ತಗಡಿನ ಡಬ್ಬಿ ಅಂದದ್ದಕ್ಕ ಕೆಂಪಿ ಮಾಫ್ ಮಾಡ್ಯಾಳ ಅಂತನೂ ಬರಿ" ಎಂದರು. ಬರೆದೆ. ಅತ್ತೆಯವರ ಆಶೀರ್ವಾದ, ಮಗಳ ಮುತ್ತು. ಹೊತ್ತಿಗೆ ಸರಿಯಾಗಿ ಉಣ್ಣಿ, ಎತ್ತರದಲ್ಲಿ ಹುಷಾರಾಗಿರಿ.

ಸದಾ ನಿಮ್ಮ ದಾರಿ ನೋಡುವ
ಆದಮ್ಮ

ಮರೆತ ಮಾತು: ಮಾವನವರು ಸ್ಟಾಂಪು ತರಲು ಹೋಗಿದ್ದಾರೆ, ಬೇಗ ಬೇಗ ಬರೆಯುತ್ತಿದ್ದೇನೆ. ಮಸ್ಕಿಯ ಹತ್ತಿರ ಆ ಕುರಿಹಿಂಡು ಅವರಿಗೆ ಕಾಣಲೇ ಇಲ್ಲ. ನಾನು ಚೀರಿದ್ದಕ್ಕೆ ಬ್ರೇಕು ಹಾಕಿದರು. ಅವರ ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಿಸಿಲು ಎದುರಿದ್ದರೆ ಬರೀ ಬೆಳ್ಳಗೆ. ನಿಮ್ಮ ಚಿಂತೆ ಸುಳ್ಳಲ್ಲ. ಅವರು ಇಳಿದು ಸುತ್ತಿ ಬಂದು ನನ್ನ ಬಾಗಿಲು ತೆಗೆದು, "ನೀ ನಡಸವ್ವಾ, ಏರಿ ಮ್ಯಾಲ ನಡಸಿದಂಗ" ಎಂದರು. ನಡೆಸಿದೆ. ಬಸ್ಸನ್ನು ಹಿಂದೆ ಹಾಕಿದವಳು ನಾನು. ಊರಿನ ಮುಂದೆ ಕಾಲುವೆ ಸೇತುವೆ ಹತ್ತಿರ ಮತ್ತೆ ಜಾಗ ಬದಲಿಸಿಕೊಂಡೆವು, ಜನರೆದುರು ಅವರೇ ಇಳಿಯಲಿ ಎಂದು ನಾನೇ ಹಟ ಹಿಡಿದೆ. ನೀರಿಗೆ ನಿಲ್ಲಬಾರದು ಎಂದಿದ್ದಿರಿ, ಡ್ರೈವರ್ ಬದಲಿಸಲು ನಿಲ್ಲಬಾರದು ಎಂದು ಎಲ್ಲೂ ಬರೆದಿಲ್ಲ, ಪತ್ರ ನನ್ನ ಹತ್ತಿರ ಇದೆ. ಜಲ್ದಿ ರಜೆ ಹಾಕಿ ಬನ್ನಿ. ಅವರನ್ನು ರಾಯಚೂರಿಗೆ ಕರೆದುಕೊಂಡು ಹೋಗಿ ಕಣ್ಣು ಮಾಡಿಸಬೇಕು. ಅದೇ ಸಲ ಅಲ್ಲೇ ನನ್ನ ಲೈಸೆನ್ಸಿಗೂ ಅರ್ಜಿ ಹಾಕಬೇಕು, ಮೈಲಾರಲಿಂಗಪ್ಪನ ಮಗಳ ಮೆರವಣಿಗೆಗೆ ಕೆಂಪಿಯನ್ನು ನಾನೇ ಓಡಿಸುತ್ತೇನೆ. ಅವರ ಚಪ್ಪಲಿ ಸದ್ದು ಕೇಳುತ್ತಿದೆ. ಮಾವನವರಿಗೆ ಗೊತ್ತಾಗದ ಹಾಗೆ ಒಂದು ಲೆಕ್ಕ ಮಾತ್ರ ನೆನಪಿಡಿ: ಐವತ್ತಾರು ನಿಮಿಷದಲ್ಲಿ ಇಪ್ಪತ್ತೈದು ನನ್ನವು.