ತಂಗಿಯ ವ್ಯಾನಿಗೆ ತಂದ ಗೇರ್‌ಬಾಕ್ಸ್

ಮಾರ್ಚ್ ೧೪, ಶನಿವಾರ

ಸೋಪು ಹಾಕಿ ಉಜ್ಜಿದರೂ ಕೈಯಿಂದ ಗೇರ್ ಎಣ್ಣೆಯ ವಾಸನೆ ಹೋಗುತ್ತಿಲ್ಲ. ತಂಗಿಯ ವ್ಯಾನಿಗೆಂದು ಗುಜರಿಯವನು ಕೊಟ್ಟ ಹಳೇ ಗೇರ್‌ಬಾಕ್ಸನ್ನು ಇವತ್ತು ಬಿಚ್ಚಿದೆ. ಸೋಮವಾರ ವ್ಯಾನ್ ಹೊರಡದಿದ್ದರೆ ಬೇಕರಿಯವರು ಬ್ರೆಡ್ ಸಾಗಿಸುವ ಕೆಲಸವನ್ನು ಬೇರೆಯವರಿಗೆ ಕೊಡುತ್ತಾರಂತೆ.

ಒಳಗಿನ ಎಣ್ಣೆ ತಿಳಿಯಾಗಿತ್ತು. ಅದೇ ನನಗೆ ಹಿಡಿಸಲಿಲ್ಲ. ಇಷ್ಟು ಹಳೆಯದಕ್ಕೆ ಹೊಸ ಎಣ್ಣೆ ಯಾಕೆ ಹಾಕಿದ? ಬೇರಿಂಗ್ ಅಲ್ಲಾಡಲಿಲ್ಲ, ಶಾಫ್ಟ್ ಸಲೀಸಾಗಿ ತಿರುಗಿತು. ಆದರೂ ಒಂದೊಂದೇ ಹಲ್ಲನ್ನು ಸೀಮೆಎಣ್ಣೆಯಲ್ಲಿ ಒರೆಸಿ ಉಗುರು ಆಡಿಸಿದೆ. ಮೂರನೇ ಗೇರಿನ ಒಂದು ಹಲ್ಲಿನ ಬುಡದಲ್ಲಿ ಉಗುರು ಸಿಕ್ಕಿಕೊಂಡಿತು. ಕೂದಲೆಳೆಯಷ್ಟು ಬಿರುಕು.

"ಏನಣ್ಣಾ, ಹಲ್ಲಿನ ಡಾಕ್ಟರ ಥರ ಇಣುಕ್ತಾ ಇದ್ದೀಯ? ನಡೆಯುತ್ತೆ ಅಂದ್ಬಿಡು," ಅಂದಳು ತಂಗಿ.

ಅಂದುಬಿಡುವುದು ಸುಲಭವಿತ್ತು. ಅವಳ ಬೆರಳು ಹಿಡಿದು ಆ ಜಾಗಕ್ಕೆ ಮುಟ್ಟಿಸಿದೆ. "ತುಂಬಿದ ಗಾಡೀಲಿ ಇದು ಮುರಿದ್ರೆ ಒಳಗಿರೋದೆಲ್ಲ ಪುಡಿ ಕಣೇ."

ಅವಳು ತಾನೇ ಇನ್ನೊಮ್ಮೆ ಅಲ್ಲಿ ಉಗುರು ಆಡಿಸಿ ನೋಡಿದಳು. ನಾನು ಮುಚ್ಚಳ ಎತ್ತಿಕೊಂಡೆ.

"ಮುಚ್ಚಬೇಡ. ಹೀಗೇ ಇರ್ಲಿ. ಬೆಳಿಗ್ಗೆ ಆ ಗುಜರಿಯವನನ್ನೇ ಕರ್ಕೊಂಡು ಬರ್ತೀನಿ, ಅವನೂ ಬೆರಳಿಟ್ಟು ನೋಡ್ಲಿ."

ಧೂಳು ಬೀಳದಿರಲೆಂದು ಅದಕ್ಕೆ ಬಟ್ಟೆ ಹೊದಿಸಿ ಬಂದೆ. ಸೋಮವಾರದ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬೆನ್ನು ಹಿಡಿದುಕೊಂಡಿದೆ, ಇವತ್ತಿಗೆ ಸಾಕು.