ಅಂಚಿನಲ್ಲಿ ಹೆಸರಿಲ್ಲದ ಪದಕಗಳು

ಹುಡುಗಿಯರ ಹಾಸ್ಟೆಲ್, ಹೊಸಪೇಟೆ
ಭಾನುವಾರ, ಮಧ್ಯಾಹ್ನ

ಕಂಪ್ಲಿ ಹೊಳೆದಂಡೆಯ ನನ್ನ ಎರ್ರಿಯಪ್ಪ ತಾತನಿಗೆ,

ಸುಕನ್ಯಾಳ ನಮಸ್ಕಾರ. ಫೋನಿನಲ್ಲಿ ಹೇಳಿದರೆ ಅರ್ಧ ನಿನಗೆ ಕೇಳಿಸುವುದಿಲ್ಲ, ಉಳಿದರ್ಧ ಹೇಳಲು ನನಗೆ ಧೈರ್ಯವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಆರನೇ ಕ್ಲಾಸಿನಿಂದ ಹಾಸ್ಟೆಲ್ ಅನ್ನ ತಿಂದವಳು, ಅರ್ಧ ಇಂಗ್ಲಿಷಿನ ನನ್ನ ಕನ್ನಡ ನೋಡಿ ನೀನು ನಗುತ್ತೀಯ. ನಗು, ಆದರೆ ಪೂರ್ತಿ ಓದು.

ಮೊದಲು ತಪ್ಪು ಒಪ್ಪಿಕೊಳ್ಳುತ್ತೇನೆ. ಹೋದ ವಾರ ನಿನ್ನ ನೌಕಾಪಡೆಯ ಸರ್ವಿಸ್ ಬುಕ್ ಬೇಕು ಎಂದು ಫೋನ್ ಮಾಡಿದಾಗ, "ಯಾರು ಕೇಳಿದ್ರವ್ವಾ, ಕಾಲೇಜಿನೋರಾ, ನೀನಾ?" ಎಂದು ನೀನು ಕೇಳಿದೆ. "ಕಾಲೇಜಿನೋರು" ಎಂದು ನಾನು ಹೇಳಿದೆ. ಅದು ಸುಳ್ಳು. ಕಾಲೇಜಿನಲ್ಲಿ ಯಾರೂ ಕೇಳಿರಲಿಲ್ಲ, ಕೇಳಿದ್ದು ನಾನು. ನಿನಗದು ಗೊತ್ತಾಯಿತು ಅನಿಸುತ್ತದೆ. "ಹಂಗಾದ್ರ ನಾ ಬರಾದು ಬ್ಯಾಡ ಬಿಡು" ಎಂದು ನೀನು ಫೋನ್ ಇಟ್ಟುಬಿಟ್ಟೆ.

ಡಿಸೆಂಬರ್ ನಾಲ್ಕು ನೌಕಾಪಡೆ ದಿನ, ಯುದ್ಧ ಕಂಡವರನ್ನು ಕರೆಸಿ ಸನ್ಮಾನ ಮಾಡೋಣ ಎಂದು ನಮ್ಮ ಸುಧಾರಾಣಿ ಮೇಡಂ ಹೇಳಿದಾಗ ಕೈ ಎತ್ತಿದವಳು ನಾನೇ. ಅಟೆಂಡೆನ್ಸ್ ಬಿಟ್ಟರೆ ಆ ಕ್ಲಾಸಿನಲ್ಲಿ ಬಾಯಿ ಬಿಟ್ಟವಳಲ್ಲ. ನಮ್ಮ ತಾತ ಎಪ್ಪತ್ತೊಂದರ ಯುದ್ಧದಲ್ಲಿ ಹಡಗಿನ ಎಂಜಿನ್ ರೂಮಿನಲ್ಲಿದ್ದ, ಮೂರು ಮೆಡಲ್ ಇವೆ ಎಂದೆ. ಹಿಂದಿನ ಬೆಂಚಿನಿಂದ ಹುಲುಗೇಶ್, "ಕಂಪ್ಲಿಯೋರಿಗೆ ಸಮುದ್ರ ಎಲ್ಲಿಂದ ಬಂತು? ಡ್ಯಾಮಿನ್ಯಾಗ ಯುದ್ಧ ಆಗಿತ್ತೇನು?" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆ ವಾರ ಊರಿಗೆ ಬಂದಾಗ ಹುಣಸೆಹಣ್ಣು ಹಚ್ಚಿ ನಿನ್ನ ಮೆಡಲ್ ತಿಕ್ಕಿದೆನಲ್ಲ, ಆಗ ಫೋಟೋ ತೆಗೆದುಕೊಂಡಿದ್ದೆ. ಹುಲುಗೇಶನ ಅಪ್ಪ ಆರ್ಮಿಯಲ್ಲಿದ್ದವರು, ಈಗ ತೋರಣಗಲ್ಲಿನಲ್ಲಿ ಸೆಕ್ಯುರಿಟಿ. ಅವನ ಬಾಯಿ ಮುಚ್ಚಿಸಬೇಕೆಂದೇ ಫೋಟೋ ತೋರಿಸಿದೆ. ಅವನು ಅದನ್ನು ದೊಡ್ಡದು ಮಾಡಿ ನೋಡಿದ. "ನಮ್ಮಪ್ಪನ ಮೆಡಲ್ಲಿನ ಅಂಚಿಗೆ ನಂಬರು, ಹೆಸರು ಕೊರದಾರ. ನಿಮ್ಮ ತಾತಂದು ಕ್ಷೌರ ಮಾಡಿದಂಗ ನುಣ್ಣಗೈತಲ್ಲ. ಇಂಥವು ಅಂಗಡ್ಯಾಗ ಸಿಗ್ತಾವ ನೋಡು." ಅವನು ಈ ಸಲ ನಗಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾದದ್ದು.

ಅಂದಿನಿಂದ ನಿನ್ನ ಒಂದೊಂದು ಮಾತನ್ನೂ ತಿರುವಿ ತಿರುವಿ ನೋಡತೊಡಗಿದೆ. ಪೆನ್ಷನ್ ಬರುತ್ತದೆ, ಅಂದರೆ ನೌಕಾಪಡೆಯಲ್ಲಿ ಇದ್ದದ್ದು ನಿಜ. ಆದರೆ ಯುದ್ಧ? ಹಡಗಿನಲ್ಲಿ ಉಳ್ಳಾಗಡ್ಡಿ ಕೊಳೆತ ಕತೆ ನೂರು ಸಲ ಹೇಳಿದ್ದೀಯ, ಯುದ್ಧದ ಕತೆ ಒಂದೂ ಹೇಳಿಲ್ಲ. ಆಗಸ್ಟ್ ಹದಿನೈದಕ್ಕೆ ಮೆಡಲ್ ಹಾಕಿಕೊಂಡು ಹೋಗುತ್ತೀಯ, ಬಾವುಟ ಏರಿದ ಕೂಡಲೇ ಬಿಚ್ಚಿ ಜೇಬಿಗೆ ಹಾಕುತ್ತೀಯ. ಯಾಕೆ? ಯಾರಾದರೂ ಹತ್ತಿರದಿಂದ ನೋಡಿಯಾರು ಎಂದೇ? ಎಂಜಿನ್ ಸದ್ದಿಗೆ ಕಿವಿ ಹೋಯಿತು ಅನ್ನುತ್ತೀಯ, ಮಿರ್ಚಿ ಮಾರುವವನ ಕೂಗು ಮಾತ್ರ ಹೇಗೆ ಕೇಳಿಸುತ್ತದೆ? ತಾತ, ನಿನ್ನ ಕಿವುಡನ್ನೂ ಅನುಮಾನಿಸಿದೆ. ಸ್ಟೇಜಿನ ಮೇಲೆ ಯಾರಾದರೂ ಅಂಚು ತಿರುವಿದರೆ ನಾನೇನಾಗಬೇಕು ಎಂದಷ್ಟೇ ಯೋಚಿಸಿದೆ. ನೀನೇನಾಗುತ್ತೀ ಎಂದು ಹೊಳೆಯಲೇ ಇಲ್ಲ.

ಶುಕ್ರವಾರ ನೀನು ಕಣ್ಣು ತೋರಿಸಲು ಬಳ್ಳಾರಿಗೆ ಹೋಗಿದ್ದೆಯಲ್ಲ, ಆ ದಿನ ಕ್ಲಾಸು ತಪ್ಪಿಸಿ ಕಂಪ್ಲಿಗೆ ಬಂದಿದ್ದೆ. ನೀನಿಲ್ಲದ ದಿನ ನೋಡಿಯೇ ಬಂದೆ. ನಿಮ್ಮಕ್ಕ ಭೀಮವ್ವಜ್ಜಿ ಬೇಳೆ ಆರಿಸುತ್ತಿದ್ದಳು. ಪೊಲೀಸರಂತೆ ಎದುರು ಕೂತು ಕೇಳಿದೆ.

ಅವಳು ಶುರು ಮಾಡಿದ್ದು ನಿನ್ನಿಂದಲ್ಲ. ನಿಮ್ಮವ್ವನ ತಮ್ಮ ಹೊನ್ನೂರಪ್ಪನಿಂದ. ಹರಿಗೋಲು ಹಾಕುವವರ ಮನೆಯ ಹುಡುಗ ಬ್ರಿಟಿಷರ ಕಾಲದ ದೊಡ್ಡ ಯುದ್ಧಕ್ಕೆ ಹಡಗು ಹತ್ತಿದ. ಅವನು ತಿರುಗಿ ಬರಲಿಲ್ಲ, ಅಂಚೆಯಲ್ಲಿ ಒಂದು ಮೆಡಲ್ ಬಂತು. "ಮನುಷ್ಯಾನ ಬದಲಿ ಬಿಲ್ಲೆ ಬಂತವ್ವಾ. ನೀರು ಒಬ್ಬನ್ನ ಇಟ್ಕಂಡ್ರ ಒಂದು ಬಿಲ್ಲೆ ಕೊಡ್ತೈತಿ ಅಂತ ನಮ್ಮವ್ವ ತಿಳಕಂಡಿದ್ಳು." ಎಪ್ಪತ್ತೈದರಲ್ಲಿ ನೀನು ರಜೆಗೆ ಬಂದು ಎದೆಯ ಮೇಲೆ ಮೂರು ಮೆಡಲ್ ಇಟ್ಟುಕೊಂಡು ಬಾಗಿಲಲ್ಲಿ ನಿಂತೆ. ನಿಮ್ಮವ್ವ ಆರತಿ ಎತ್ತಲಿಲ್ಲ. "ಮನುಷ್ಯಾನೂ ಬಂದ, ಬಿಲ್ಲೇನೂ ಬಂತು. ಎರಡೂ ಇಟ್ಕಂಡ್ರ ಹೊಳಿ ಗಂಗವ್ವ ಸುಮ್ನಿರ್ತಾಳೇನು? ಒಂದು ತಿರುಗಿ ಕೊಡಬೇಕು" ಎಂದು ಕೂತಳು. ಮೂರು ದಿನ ನಿನ್ನ ಮೈ ಮುಟ್ಟಲಿಲ್ಲ. ನಾಲ್ಕನೇ ದಿನ ಮೊರದಲ್ಲಿ ಅರಿಶಿನ, ಎಲೆ ಅಡಿಕೆ, ನಿನ್ನ ಮೆಡಲ್. ಅವನ್ನು ಹೊಳೆಗೆ ಬಿಡಲು ಮಡುವಿನ ತನಕ ಹುಟ್ಟು ಹಾಕಿದವನು ನೀನೇ. ಆಮೇಲೆ ಸರ್ಕಾರಿ ಕಾರ್ಯಕ್ರಮಕ್ಕೆ ಮೆಡಲ್ ಹಾಕಿಕೊಂಡು ಬಾ ಎಂದಾಗ ಬೆಳಗಾವಿಯ ಅಂಗಡಿಯಿಂದ ಇವನ್ನು ತಂದೆಯಂತೆ.

ನಾನು ಎಂಥವಳೆಂದರೆ, ಅದನ್ನೂ ನಂಬಲಿಲ್ಲ. ಹೊಳೆಯ ಒಳಗಿರುವುದನ್ನು ಯಾರು ನೋಡಬೇಕು, ಒಳ್ಳೆಯ ಅನುಕೂಲದ ಕತೆ ಅಂದುಕೊಂಡೆ. ಅಲ್ಲಿಂದ ನೇರ ಮುದುಕಿ ಹಂಪಕ್ಕನ ಮನೆಗೆ ಹೋದೆ. ಅವಳ ಮಾವನದೂ ಅದೇ ಹೊಳೆ ಘಟ್ಟದಲ್ಲಿ ಹರಿಗೋಲಿತ್ತಲ್ಲ. ಭೀಮವ್ವಜ್ಜಿ ಹೇಳಿದ್ದನ್ನು ಬಾಯಿ ಬಿಡದೆ ಕೇಳಿದೆ. ಮೆಡಲ್ ಬಿಟ್ಟ ದಿನ ಭೀಮವ್ವಜ್ಜಿ ಮಂಗಳವಾರ ಅಂದಿದ್ದಳು, ಹಂಪಕ್ಕ ಶುಕ್ರವಾರ ಅಂದಳು. ಮೆಡಲ್ ಎರಡೇ ಅಂದಳು. "ಭೀಮವ್ವಗ ಏನು ನೆಪ್ಪೈತಿ, ಆಕಿ ಮದುವಿ ದಿನಾನ ಆಕಿಗೆ ನೆಪ್ಪಿಲ್ಲ" ಎಂದು, ಕೊನೆಗೆ ನಾನು ಭೀಮವ್ವಜ್ಜಿಯ ಲೆಕ್ಕ ಹೇಳಿದಾಗ, ಸೇರಿಸಿದಳು. ಎಲ್ಲವೂ ಕೂಡಿದ್ದರೆ ನೀನೇ ಹೇಳಿಕೊಟ್ಟಿದ್ದೀ ಅಂದುಕೊಳ್ಳುತ್ತಿದ್ದೆ. ಇಬ್ಬರೂ ಒಂದೇ ಥರ ಹೇಳಿದ್ದು ಒಂದೇ ಮಾತು: ದಂಡೆಗೆ ಬಂದು ಇಳಿದವನು ನೀನು ನಿಮ್ಮವ್ವನ ಮುಂದೆ ನಿಂತು, "ಈಗಾರ ಮುಟ್ಟವ್ವಾ" ಅಂದೆಯಂತೆ.

ಅದನ್ನು ಯಾರಿಂದಲೂ ಹೇಳಿಕೊಡಲು ಆಗುವುದಿಲ್ಲ ತಾತ. ಹಂಪಕ್ಕ ಕೊಟ್ಟ ಚಹಾ ಅಲ್ಲೇ ಆರಿತು.

ಸರ್ವಿಸ್ ಬುಕ್ಕಿನಲ್ಲಿ ಎಲ್ಲವೂ ಬರೆದಿರಬೇಕು. ನೀನು ತೆರೆದು ತೋರಿಸಿದ್ದರೆ ನನ್ನ ಬಾಯಿ ಮುಚ್ಚುತ್ತಿತ್ತು. ಹಾಗಾದರೆ ನಿಜವಾದ ಮೆಡಲ್ ಎಲ್ಲಿ ಎಂದು ಮುಂದಿನ ಪ್ರಶ್ನೆ ಬರುತ್ತಿತ್ತು, ನಿಮ್ಮವ್ವನನ್ನು ನೋಡಿ ಜನ ನಗುತ್ತಿದ್ದರು. ಅದಕ್ಕೇ ತೆರೆಯಲಿಲ್ಲವೇ? ಅಥವಾ ಮೊಮ್ಮಗಳಿಗೆ ಸಾಕ್ಷಿ ಕೊಡುವ ಗತಿ ಬರಬಾರದು ಎಂದೇ? ನೋಡು, ಇನ್ನೂ ತನಿಖೆ ಮಾಡುತ್ತಲೇ ಇದ್ದೇನೆ. ಈ ಚಾಳಿ ಒಂದೇ ದಿನಕ್ಕೆ ಹೋಗುವುದಲ್ಲ.

ನಿನ್ನೆ ಸುಧಾರಾಣಿ ಮೇಡಂಗೆ ಇಷ್ಟು ಮಾತ್ರ ಹೇಳಿದೆ: ನಮ್ಮ ತಾತ ಹಾಕಿಕೊಂಡು ಬರುವುದು ಅಂಗಡಿಯ ಮೆಡಲ್, ನಿಜವಾದವು ಬೇರೆ ಕಡೆ ಇವೆ, ಯಾರಾದರೂ ಕೇಳಿದರೆ ಉತ್ತರ ನಾನು ಕೊಡುತ್ತೇನೆ. ಎಲ್ಲಿವೆ ಎಂದು ಹೇಳಲಿಲ್ಲ. ಅದು ನಿನ್ನದು, ನಿಮ್ಮವ್ವನದು. ನೀನು ಬರುವುದಿಲ್ಲವೆಂದು ತೆಗೆಸಿದ್ದ ನಿನ್ನ ಹೆಸರು ಮತ್ತೆ ಪಟ್ಟಿಯಲ್ಲಿದೆ.

ನಾಲ್ಕನೇ ತಾರೀಕು ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ, ಕಂಪ್ಲಿ ಬಸ್ಸು ನಿಲ್ಲುವಲ್ಲಿ ಇರುತ್ತೇನೆ. ಬುಕ್ ತರಬೇಡ. ತಂದರೂ ನಾನು ತೆರೆಯುವುದಿಲ್ಲ. ಅಷ್ಟನ್ನಾದರೂ ಮಾಡಬಲ್ಲೆನೋ ಇಲ್ಲವೋ, ನನ್ನನ್ನು ನಾನೇ ನೋಡಬೇಕಾಗಿದೆ. ನಿನಗೆ ಬರಲು ಮನಸ್ಸಾಗದಿದ್ದರೆ ಕೊನೆಯ ಬಸ್ಸು ನೋಡಿಕೊಂಡು ನಾನೇ ಊರಿಗೆ ಬರುತ್ತೇನೆ. ಆಗ ಬೈ, ಸುಮ್ಮನಿರಬೇಡ.

ಗಂಗವ್ವ ನಿನ್ನನ್ನು ಇನ್ನೂ ಬಹಳ ವರ್ಷ ದಂಡೆಯ ಮೇಲೇ ಇಟ್ಟಿರಲಿ.

ನಿನ್ನನ್ನು ನಂಬಲು ಇಬ್ಬರು ಮುದುಕಿಯರ ಸಾಕ್ಷಿ ಬೇಕಾದ ಮೊಮ್ಮಗಳು,
ಸುಕನ್ಯಾ