ಗುರುವಾರದ ಪಾಳಿ

ಬೆಟಗೇರಿ
೧೨ ನವೆಂಬರ್ ೨೦೨೪

ತಂಗಿ ನಜಮಾಗೆ,

ನಿನ್ನ ಮಲ್ಲವ್ವಕ್ಕನ ಶರಣು. ನಿಶಾತ ಹೋಗಿ ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಬೈದುಬಿಡು. ನಲವತ್ತನೆಯ ದಿನಕ್ಕೂ ಲಕ್ಷ್ಮೇಶ್ವರಕ್ಕೆ ಬರಲಿಲ್ಲ. ಫೋನ್ ಹಚ್ಚಿದರೆ, "ಅಕ್ಕಾ, ಶಿರಹಟ್ಟಿ ಲಗ್ನಕ್ಕ ಕರಕೊಂಡ ಹೋಗಿ, ಗುರುವಾರದ ಪಾಳಿ ತಪ್ಪಿಸಿ, ನಾನಽ ಮಗಳ್ನ ಕೊಂದೆ" ಎಂದು ಅಳುತ್ತೀ. ನಾನು ಫೋನ್ ಇಟ್ಟುಬಿಡುತ್ತೇನೆ. ಅದಕ್ಕೇ ಈ ಕಾಗದ.

ನಾನು ಈಗಲೂ ವಾರಕ್ಕೆ ಮೂರು ಸಲ, ಮಂಗಳವಾರ, ಗುರುವಾರ, ಶನಿವಾರ, ಗದಗಿಗೆ ಡಯಾಲಿಸಿಸ್‌ಗೆ ಹೋಗುತ್ತೇನೆ. ಪಕ್ಕದ ಹಾಸಿಗೆಯ ಅಸುಂಡಿ ದೇವವ್ವ ಉಪ್ಪಿಲ್ಲದ ಪಲ್ಯಕ್ಕೂ ಸೊಸೆಗೂ ಒಂದೇ ಬೈಗುಳ ಇಟ್ಟುಕೊಂಡಿದ್ದಾಳೆ. ನಿಶಾತಳ ಹಾಸಿಗೆಯ ಕಡೆ ಮಾತ್ರ ನಾನು ಮುಖ ಮಾಡುವುದಿಲ್ಲ.

ಮೊದಲ ದಿನ ಸೂಜಿ ನೋಡಿ ಆ ಹುಡುಗಿ ಹೇಗೆ ನಡುಗಿದ್ದಳು, ನೆನಪಿದೆಯಲ್ಲ? ರೋಗಿಗಳಿಗೆ ಧೈರ್ಯ ಹೇಳಲು ಬರುವ ಅಸ್ಮಾ ಮೇಡಂ, "ಕಣ್ಣ ಮುಚ್ಚಿ ಉಸರ ಎಣಸವಾ" ಎಂದರು. ಎರಡಕ್ಕೇ ಅತ್ತಳು. ನಾನು ನೇಕಾರರ ಮನೆಯವಳು, ಯಂತ್ರದಲ್ಲಿ ರಕ್ತ ತಿರುಗಿಸುವ ಚಕ್ರ ನನಗೆ ನೂಲು ಸುತ್ತುವ ರಾಟಿಯ ಹಾಗೇ ಕಾಣುತ್ತಿತ್ತು. "ಬಾರವಾ, ಇಬ್ರೂ ಕಂಡಿಕಿ ಸುತ್ತೂಣು" ಎಂದೆ. ಸೂಜಿಯಿಲ್ಲದ ಕೈಯಲ್ಲಿ ಇಲ್ಲದ ನೂಲನ್ನು ಇಲ್ಲದ ಕೊಳವೆಗೆ ಸುತ್ತಿದೆವು. ಹತ್ತನೇ ಕಂಡಿಕೆಗೆ, "ದೊಡ್ಡವ್ವಾ, ನಂದು ಹಸರ ನೂಲ!" ಎಂದು ನಕ್ಕಳು. ಅಂದಿನಿಂದ ಅಂಜಿಕೆ ಬಂದಾಗಲೆಲ್ಲ ನನ್ನ ಮುಖ ನೋಡುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ನಂಬುತ್ತಿದ್ದಳು.

ಈಗ ಆ ಹಾಸಿಗೆಗೆ ಕಳಸಾಪುರದ ವಿದ್ಯಾಶ್ರೀ ಬಂದಿದ್ದಾಳೆ. ಅದೇ ವಯಸ್ಸು, ಅದೇ ನಡುಕ. ಅಸ್ಮಾ ಮೇಡಂ ಇವತ್ತು ನನ್ನ ಹತ್ತಿರ ಬಂದು, "ಮಲ್ಲವ್ವಾರ, ಒಂದೀಟ ಮಾತಾಡಸ್ರಿ. ನಿಮ್ಮ ಮಾತು ಕೇಳ್ತಾರ" ಎಂದರು.

"ಕೇಳ್ತಾರಂತನಽ ಒಲ್ಲೆ ರೀ" ಎಂದು ಸೆರಗು ಮುಖಕ್ಕೆ ಎಳೆದುಕೊಂಡೆ. ಆ ಹುಡುಗಿ ನಾಲ್ಕು ತಾಸೂ ಅತ್ತಳು. ನನ್ನ ಕೈ ಸುಮ್ಮನೇ ಬಿದ್ದಿತ್ತು.

ಹೊತ್ತಿಗೆ ಸರಿಯಾಗಿ ಉಣ್ಣು. ಅಯ್ಯೂಬಣ್ಣನಿಗೆ ಸಲಾಮು ಹೇಳು. ದೇವರು ನಿನ್ನ ಕಣ್ಣಿಗೆ ನಿದ್ದೆ ಕೊಡಲಿ.

ನಿನ್ನ ಅಕ್ಕ,
ಮಲ್ಲವ್ವ

ತಾ.ಕ.: ಮಡಚಿದ ಕಾಗದ ಮತ್ತೆ ಬಿಚ್ಚಿದೆ. ಲಗ್ನಕ್ಕೆ ನೀನು ಕರೆದದ್ದು ಖರೆ. ಆದರೆ ನಿಶಾತಳಿಗೆ ಮನಸ್ಸಿರಲಿಲ್ಲ. ಮಂಗಳವಾರ ನನ್ನನ್ನು ಕೇಳಿದಳು, "ದೊಡ್ಡವ್ವಾ, ಗುರುವಾರದ ಪಾಳಿ ತಪ್ಪತೈತಿ. ಅಂಜಿಕಿ ಆಗತೈತಿ." ಆಕೆಯ ಅಂಜಿಕೆ ಬಿಡಿಸುವುದೊಂದೇ ನನಗೆ ಗೊತ್ತಿದ್ದ ಕೆಲಸ. "ಮಗ್ಗದಾಗ ಒಂದೆಳಿ ಹರಿದ್ರ ಕೂಡಸ್ತೀವಿ. ಅಷ್ಟಕ್ಕ ಸೀರಿ ಕೆಡತೈತೇನು? ಹೋಗಿ ಬಾ" ಎಂದೆ. ಡಾಕ್ಟರನ್ನು ಕೇಳು ಎನ್ನಲಿಲ್ಲ. ನಗುತ್ತ ಹೋದಳು. ಶನಿವಾರ ನಸುಕಿಗೆ ಮೈಯಲ್ಲಿ ನೀರು ತುಂಬಿ ಅವಳ ಉಸಿರು ಕಟ್ಟಿದಾಗ ನಾನು ಆಸ್ಪತ್ರೆಗೆ ಹೊರಡಲು ತಲೆ ಬಾಚುತ್ತಿದ್ದೆ.

ನಜಮಾ, ಕರೆದವಳು ನೀನು, ಹೋಗು ಅಂದವಳು ನಾನು. ಇನ್ನು ಅಳುವುದಿದ್ದರೆ ನನ್ನನ್ನು ಬೈದು ಅಳು.